ದಡಕ್ಕಿಳಿಯದ ಗೇರು ನಿಯೋಗ

ಸಮುದ್ರದ ಮೇಲೆ ಮಾಡಲು ಕೆಲಸವೇ ಇರುವುದಿಲ್ಲ ಎಂಬುದು ತಪ್ಪು ಕಲ್ಪನೆ. ಪುತ್ತೂರು ತಾಲೂಕಿನ ಮುಳ್ಳುಗುಡ್ಡೆ ಗೇರು ಬೆಳೆಗಾರರ ಸಹಕಾರಿ ಸಂಘವು ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿಯಲ್ಲಿ ಇದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿಕೊಟ್ಟಿದೆ.

ಸಂಘದ ಐವರು ನಿರ್ದೇಶಕರು ಹಡಗಿನಲ್ಲಿ ಆಫ್ರಿಕಾದ ಮೊಂಬಾಸಕ್ಕೆ ಹೋಗಿ, ಅಲ್ಲಿಯ ಗೇರು ಕೃಷಿಯನ್ನು ಕಣ್ಣಾರೆ ಕಂಡು ಬರಬೇಕೆಂದು ಮೇಲಿನಿಂದ ಮಂಜೂರಾತಿ ಬಂದಿತ್ತು. ನಮ್ಮ ಕಡೆಯ ಗುಡ್ಡಗಳಲ್ಲಿ ಗೇರು ಮರ ಯಾರನ್ನೂ ಕೇಳದೆ ತಾನಾಗಿಯೇ ಬೆಳೆಯುತ್ತದೆ. ಆದ್ದರಿಂದ ಅದನ್ನು ಬೆಳೆಸುವುದು ಹೇಗೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಐವರಲ್ಲಿ ಸವಣೂರಿನ ವ್ಯಾಪಾರಿ ಕಲಂದರ್ ಬ್ಯಾರಿ ಒಬ್ಬರು. ಗೇರುಬೀಜವನ್ನು ಗೋಣಿಗೆ ತುಂಬಿ ತೂಗುವುದರ ಆಚೆಗೆ ಅವರಿಗೆ ಅದರ ಮೇಲೆ ಯಾವ ಕುತೂಹಲವೂ ಇರಲಿಲ್ಲ. ಅವರು ಹೊರಟದ್ದು ಅಣ್ಣನಿಗಾಗಿ. ಅಣ್ಣ ಆದಂ ಕುಂಞಿ ಯುದ್ಧಕ್ಕೂ ಮೊದಲು, ಮೀಸೆ ಚಿಗುರುವ ವಯಸ್ಸಿನಲ್ಲಿ, ಮೊಂಬಾಸಕ್ಕೆ ಹೋಗಿ ಅಂಗಡಿ ಇಟ್ಟವನು ಮತ್ತೆ ಊರಿನ ಮುಖ ಕಂಡಿರಲಿಲ್ಲ. ಕಲಂದರ್ ಹೊರಡುವಾಗ ತಾಯಿ ಸಫಿಯಮ್ಮ ಮಿಡಿ ಉಪ್ಪಿನಕಾಯಿಯ ಭರಣಿಯ ಬಾಯಿಗೆ ಬಟ್ಟೆ ಬಿಗಿದು ಅಣ್ಣನಿಗೆಂದು ಕೈಗಿತ್ತರು.

"ಅವನ ಮೈ ಮುಟ್ಟಿ ನೋಡಿಕೊಂಡು ಬಾ ಮಗಾ," ಎಂದರು. "ಕಾಗದದಲ್ಲಿ ಎಲ್ಲರೂ ಸೌಖ್ಯವೇ ಇರುದು."

ಮುಂಬಯಿಯಲ್ಲಿ ಹಡಗು ಹತ್ತಿದ ಕೂಡಲೇ ಕಾರ್ಯದರ್ಶಿ ಪರಮೇಶ್ವರಯ್ಯನವರು ಭತ್ಯೆಯ ನಿಯಮವನ್ನು ಓದಿ ಹೇಳಿದರು. ಸಮುದ್ರದಲ್ಲಿ ಕಳೆದ ದಿನಕ್ಕೆ ಪೂರ್ತಿ ಭತ್ಯೆ. ನೆಲದ ಮೇಲೆ ಕಾಲಿಟ್ಟ ದಿನಕ್ಕೆ ಅರ್ಧ, ಏಕೆಂದರೆ ನೆಲದಲ್ಲಿ ತಲೆ ತಿರುಗುವುದಿಲ್ಲ. ಸಭೆ ನಡೆಯದ ದಿನವನ್ನು ರಜೆ ಎಂದು ಪರಿಗಣಿಸಲಾಗುವುದು. ರಜೆಗೆ ಭತ್ಯೆ ಇಲ್ಲ.

"ಹಾಗಾದ್ರೆ ದಿನಾ ಮೀಟಿಂಗ್ ಮಾಡುವ," ಎಂದರು ಅಧ್ಯಕ್ಷ ತೀರ್ಥರಾಮ ಗೌಡರು. "ಬೇರೆ ಎಂತ ಕೆಲಸ ಉಂಟು ನಮ್ಗೆ ಇಲ್ಲಿ?"

ಮೊದಲ ಸಭೆಯಲ್ಲೇ 'ಸಮಯ ಕಳೆಯುವ ಉಪಸಮಿತಿ' ರಚನೆಯಾಯಿತು. ಸುಮ್ಮನೆ ಕೂತು ಅಭ್ಯಾಸವಿಲ್ಲದ ಏಕೈಕ ಸದಸ್ಯರೆಂಬ ಕಾರಣಕ್ಕೆ ಕಲಂದರ್ ಬ್ಯಾರಿಗಳನ್ನು ಅದರ ಸಂಚಾಲಕರನ್ನಾಗಿ ಆರಿಸಲಾಯಿತು. ಬ್ಯಾರಿಗಳು ಬೇಡವೆಂದರು. ಬೇಡವೆನ್ನುವುದಕ್ಕೂ ಒಂದು ಉಪಸಮಿತಿ ಬೇಕಾಗುತ್ತದೆ ಎಂದು ಕಾರ್ಯದರ್ಶಿ ಎಚ್ಚರಿಸಿದ ಮೇಲೆ ಒಪ್ಪಿಕೊಂಡರು.

ಹೊಣೆ ಹೊತ್ತ ಮೇಲೆ ಬ್ಯಾರಿಗಳು ಕೈಕಟ್ಟಿ ಕೂರುವ ಜನವಲ್ಲ. ಮಾಡಲು ಕೆಲಸವಿಲ್ಲದಿದ್ದರೆ ನಿಯಮ ಮಾಡಬಹುದೆಂಬುದನ್ನು ಅವರು ಬೇಗನೆ ಕಂಡುಕೊಂಡರು. ಎಲೆಯಡಿಕೆ ಉಗಿಯುವುದು ಹಡಗಿನ ಎಡಕ್ಕೋ ಬಲಕ್ಕೋ ಎಂಬ ಚರ್ಚೆ ಬೆಳಗ್ಗೆ ಹಿಡಿದದ್ದು ಸಂಜೆಗೆ ಮುಗಿಯಿತು. ಗಾಳಿ ಬೀಸುವ ದಿಕ್ಕನ್ನು ಗಮನಿಸದೆ ಬಲಕ್ಕೆ ಎಂದು ತೀರ್ಮಾನವಾದದ್ದರಿಂದ ಮಾರನೆಯ ದಿನ ಎಲ್ಲರ ಬಿಳಿ ಅಂಗಿಗಳೂ ಕೆಂಪಾದವು. ಆಗ ಸಭೆಯು ಗಾಳಿಯನ್ನು ಖಂಡಿಸಿ ನಿರ್ಣಯ ಅಂಗೀಕರಿಸಿತು.

ನಾಲ್ಕನೆಯ ಸದಸ್ಯ ತ್ಯಾಂಪಣ್ಣನವರಿಗೆ ಹಡಗು ಹತ್ತಿದಂದಿನಿಂದ ಹೊಟ್ಟೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಸಭೆಯ ನಡುವೆ ಎದ್ದು ಓಡುವುದು ಶಿಸ್ತಿಗೆ ಭಂಗವೆಂದು, ವಾಂತಿ ಮಾಡಲಿಚ್ಛಿಸುವ ಸದಸ್ಯರು ಅಧ್ಯಕ್ಷರ ಪೂರ್ವಾನುಮತಿ ಪಡೆಯತಕ್ಕದ್ದು ಎಂಬ ನಿಯಮ ಬಂತು. ಪಾಪ, ತ್ಯಾಂಪಣ್ಣ ಅನುಮತಿ ಕೇಳಲು ಬಾಯಿ ತೆರೆದಾಗಲೇ ಉಲ್ಲಂಘನೆಯಾಗುತ್ತಿತ್ತು.

ಇಸ್ಪೀಟು ಆಡಿದರು. ಗೆಲ್ಲುವವರು ಅಧ್ಯಕ್ಷರೆಂದು ಮೊದಲೇ ಗೊತ್ತಿದ್ದುದರಿಂದ ಆಟ ಬೇಗ ಮುಗಿಯುತ್ತಿತ್ತು. ಬೇಗ ಮುಗಿಯುವುದು ಉಪಸಮಿತಿಯ ಉದ್ದೇಶಕ್ಕೆ ವಿರುದ್ಧವೆಂದು ಅದನ್ನು ಕೈಬಿಟ್ಟು, ಕೂತಲ್ಲೇ ಮಾತಿನಲ್ಲಿ ಆಡುವ ಯಕ್ಷಗಾನವಾದ ತಾಳಮದ್ದಳೆ ಹಿಡಿದರು. ಐದನೆಯ ಸದಸ್ಯ, ಗುತ್ತಿಗಾರಿನ ಕುಕ್ಕಪ್ಪ ಗೌಡರು ಸಂಧಾನಕ್ಕೆ ಒಪ್ಪದ ರಾಜನ ಪಾತ್ರದ ಅರ್ಥ ಹೇಳಲು ಕೂತರೆ ಊಟದ ಗಂಟೆಗೂ ಒಪ್ಪಲಿಲ್ಲ, ಮರುದಿನ ತಿಂಡಿಗೂ ಒಪ್ಪಲಿಲ್ಲ. ಕೊನೆಗೆ ಸಂಧಾನಕ್ಕೆ ಬಂದವನೇ ಹಸಿವೆ ತಾಳದೆ ಎದ್ದು ಹೋದ. ಇದನ್ನು ಸಮಯ ಕಳೆಯುವಿಕೆಯಲ್ಲಿ ಮಹತ್ವದ ಸಾಧನೆ ಎಂದು ಬಣ್ಣಿಸಲಾಯಿತು.

ಇಷ್ಟರಲ್ಲಿ ಬ್ಯಾರಿಗಳಿಗೂ ಈ ಕೆಲಸ ಹಿಡಿಸಿಬಿಟ್ಟಿತು ಎಂಬುದನ್ನು ಮುಚ್ಚಿಡಬಾರದು. ಒಂದು ಮಧ್ಯಾಹ್ನ ಯಾವ ವಿಷಯವೂ ಸಿಗದಿದ್ದಾಗ ಅವರೇ ಒಂದು ನಿಯಮ ಸೂಚಿಸಿದರು: ಮತಕ್ಕಾಗಿ ಒಮ್ಮೆ ಎತ್ತಿದ ಕೈಯನ್ನು ಹಿಂತೆಗೆದುಕೊಳ್ಳಬೇಕಾದರೆ ಒಂದು ವಾರದ ಪೂರ್ವಸೂಚನೆ ಕೊಡತಕ್ಕದ್ದು. ಎಲ್ಲರೂ ಮೇಜು ಕುಟ್ಟಿದರು. ಅಧ್ಯಕ್ಷರು, "ಬ್ಯಾರಿಗಳ ತಲೆ ಅಂದ್ರೆ ತಲೆ ಮಾರಾಯ್ರೆ!" ಎಂದರು. ಬ್ಯಾರಿಗಳಿಗೆ ಅಂದು ಊಟ ರುಚಿಸಿತು.

ಮೊಂಬಾಸ ಹತ್ತಿರವಾದಾಗ ಸಭೆಯ ಮುಂದೆ ಗಂಭೀರ ಪ್ರಶ್ನೆಯೊಂದು ಬಂತು: ಇಳಿಯುವುದೋ ಬೇಡವೋ? ಅದೇ ಹಡಗು ಎರಡು ದಿನ ಬಂದರಿನಲ್ಲಿ ನಿಂತು ಮುಂಬಯಿಗೆ ಹಿಂದಿರುಗುವುದಿತ್ತು. ಇಳಿದರೆ ಆ ದಿನಗಳ ಭತ್ಯೆ ಅರ್ಧವಾಗುತ್ತದೆ. ಇಳಿಯದಿದ್ದರೆ, ಕಟ್ಟೆಗೆ ಕಟ್ಟಿದ ಹಡಗಿನ ಕೆಳಗೂ ಇರುವುದು ನೀರೇ ಆದ್ದರಿಂದ, ಪೂರ್ತಿ ದಕ್ಕುತ್ತದೆ.

"ಅಲ್ಲ ಅಧ್ಯಕ್ಷರೇ," ಎಂದರು ಕಲಂದರ್. "ಗೇರು ನೋಡ್ಲಿಕ್ಕೆ ಅಂತ ಅಲ್ವಾ ನಾವು ಬಂದದ್ದು?"

"ನೋಡ್ಲಿಕ್ಕೆ ಅಂತಲೇ ಬಂದದ್ದು. ಮುಟ್ಲಿಕ್ಕೆ ಅಂತ ಮಂಜೂರಾತಿಯಲ್ಲಿ ಎಲ್ಲಿ ಉಂಟು? ನೋಡುದು ಇಲ್ಲಿಂದಲೂ ಆಗ್ತದೆ."

"ನನ್ನ ಅಣ್ಣ ಬರ್ತಾನೆ, ಗೌಡ್ರೆ. ಕಾಗದ ಹಾಕಿದ್ದೇನೆ. ನಮ್ಮ ಉಮ್ಮ ಊರಲ್ಲಿ ಕಾಯ್ತಾ ಇದ್ದಾರೆ. ನಾನೊಬ್ಬ ಇಳಿದು ಬರ್ತೇನೆ."

ಕಾರ್ಯದರ್ಶಿ ಮರುಕದಿಂದಲೇ ತಲೆಯಾಡಿಸಿದರು. ನಿಯೋಗಕ್ಕೆ ಇದ್ದುದು ಐವರಿಗೂ ಸೇರಿ ಒಂದೇ ಪರವಾನಗಿ. ಇಳಿದರೆ ಐವರೂ ಇಳಿಯಬೇಕು. ಒಬ್ಬರು ಇಳಿದರೆ ನಿಯೋಗವು ತುಂಡಾಗುತ್ತದೆ, ತುಂಡಾದ ನಿಯೋಗಕ್ಕೆ ಭತ್ಯೆಯ ನಿಯಮವೇ ಇಲ್ಲ. ಹಾಗಾಗಿ ಮತಕ್ಕೆ ಹಾಕುವುದೆಂದಾಯಿತು.

ಕಲಂದರ್ ಹೆದರಲಿಲ್ಲ. ವ್ಯಾಪಾರಿಯ ಲೆಕ್ಕ ಬಾಯಲ್ಲೇ ಇತ್ತು. ಅಧ್ಯಕ್ಷರು, ಕಾರ್ಯದರ್ಶಿ ಆ ಕಡೆ. ಮಗಳು ಕುಮುದಿನಿಯ ಮದುವೆಗೆ ಅಳಿಯನಿಗೆ ವಾಚು ಕೊಳ್ಳಬೇಕಿದ್ದ ಕುಕ್ಕಪ್ಪ ಗೌಡರು ಈ ಕಡೆ. ಮಣ್ಣು ಕಂಡರೆ ಅಡ್ಡಬೀಳುವೆನೆಂದು ಹರಕೆ ಹೊತ್ತ ತ್ಯಾಂಪಣ್ಣನವರೂ ಈ ಕಡೆ. ತಾವು ಸೇರಿದರೆ ಗೆಲುವು ತಮ್ಮದೇ.

ಹಡಗು ಕಟ್ಟೆಗೆ ತಾಗುವ ಹೊತ್ತಿಗೆ ಸರಿಯಾಗಿ ಡೆಕ್ಕಿನ ಮೇಲೆ ಸಭೆ ಸೇರಿತು. ಕೆಳಗೆ ಜನವೋ ಜನ. ಕಲಂದರ್ ಕಿವಿಯನ್ನು ಸಭೆಗೂ ಕಣ್ಣನ್ನು ದಡಕ್ಕೂ ಹಂಚಿ ನಿಂತಿದ್ದರು. "ಇಳಿಯಕೂಡದು ಎನ್ನುವವರು ಕೈ ಎತ್ತಿ," ಎಂದು ಅಧ್ಯಕ್ಷರು ಹೇಳಿದ್ದಕ್ಕೂ, ಕೆಳಗಿನ ಗುಂಪಿನಲ್ಲಿ ಥೇಟ್ ತಮ್ಮ ತಂದೆಯ ಹಾಗೆ ಒಂದು ಭುಜ ತಗ್ಗಿಸಿ ನಿಂತ ನರೆಗಡ್ಡದ ಮನುಷ್ಯನೊಬ್ಬ ಕಂಡದ್ದಕ್ಕೂ ಸರಿಹೋಯಿತು.

"ಕಾಕಾ!" ಎಂದು ಅಣ್ಣನನ್ನು ಕೂಗಿ ಕಲಂದರ್ ಎರಡೂ ಕೈ ಎತ್ತಿ ಬೀಸಿದರು. ಎಷ್ಟೋ ವರ್ಷಗಳ ಮೇಲೆ ಅಣ್ಣನನ್ನು ಕಂಡ ಸಂತೋಷಕ್ಕೆ ಅವರ ಕಣ್ಣಲ್ಲಿ ನೀರೇ ಬಂತು.

"ಬ್ಯಾರಿಗಳು ಎರಡು ಕೈ ಎತ್ತಿದ್ದಾರೆ," ಎಂದರು ಕಾರ್ಯದರ್ಶಿ, ಬರೆದುಕೊಳ್ಳುತ್ತ. "ನಿಯಮದಂತೆ ಒಂದನ್ನೇ ಎಣಿಸಲಾಗಿದೆ. ಇಳಿಯದಿರುವ ನಿರ್ಣಯಕ್ಕೆ ಮೂರು ಮತ. ಅಂಗೀಕೃತ."

ಕಲಂದರ್ ತಿರುಗಿ ನೋಡಿದರು. "ಎಂತ ಹೇಳುದು ನೀವು? ನಾನು ಅಣ್ಣನಿಗೆ ಕೈ ಬೀಸಿದ್ದು ಮಾರಾಯ್ರೆ!"

"ಕೈ ಎತ್ತಿದ್ದು ಹೌದೋ ಅಲ್ವೋ?"

"ಎತ್ತಿದ್ದು ಹೌದು. ಆದ್ರೆ…"

"ಹಿಂದೆ ತೆಗೆಯಬಹುದು, ಯಾರೂ ಬೇಡ ಹೇಳುದಿಲ್ಲ. ಒಂದು ವಾರದ ನೋಟೀಸು ಕೊಡಿ. ನಿಯಮ ನಿಮ್ಮದೇ."

ಕುಕ್ಕಪ್ಪ ಗೌಡರು, ವಾಚು ಹೋದ ಸಿಟ್ಟಿಗೆ, "ನಿಮ್ಗೆ ಕೈ ಬೀಸ್ಲಿಕ್ಕೆ ಬೇರೆ ಹೊತ್ತು ಸಿಗ್ಲಿಲ್ವಾ?" ಎಂದರು. ತ್ಯಾಂಪಣ್ಣ ಅನುಮತಿ ಕೇಳದೆ ಬಲಕ್ಕೆ ಓಡಿದರು.

ಕೆಳಗಿನಿಂದ ಆದಂ ಕುಂಞಿಯೂ ಕೈ ಎತ್ತಿದ್ದನಷ್ಟೆ. 'ಸ್ಥಳೀಯ ಸಾರ್ವಜನಿಕರೂ ಕೈ ಎತ್ತಿ ನಿರ್ಣಯವನ್ನು ಬೆಂಬಲಿಸಿದರು' ಎಂದು ನಡಾವಳಿಯಲ್ಲಿ ದಾಖಲಾಯಿತು.

ಟಿಕೆಟಿಲ್ಲದವರನ್ನು ಹಡಗಿಗೆ ಹತ್ತಿಸಬಾರದೆಂದು ಬಂದರಿನ ಕಾವಲುಗಾರನಿಗೆ ಆಜ್ಞೆ ಇತ್ತು. ಅದು ಅವರ ನಿಯಮ. ಅದಕ್ಕೆ ಮುಳ್ಳುಗುಡ್ಡೆ ಸಂಘ ಹೊಣೆಯಲ್ಲ. ಅಣ್ಣ ಕೆಳಗೆ, ತಮ್ಮ ಮೇಲೆ. ನಡುವೆ ಕ್ರೇನುಗಳ ಗದ್ದಲ. ಅಣ್ಣ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದ್ದರಲ್ಲಿ "ಉಮ್ಮ" ಎಂಬ ಒಂದು ಮಾತು ಮಾತ್ರ ಕೇಳಿಸಿತು. ಕಲಂದರ್ ತಲೆಯಾಡಿಸಿದರು. ಅದಕ್ಕಿಂತ ಹೆಚ್ಚಿನದನ್ನು ತಲೆಯಾಡಿಸಿ ಹೇಳಲು ಬರುವುದಿಲ್ಲ. ಭರಣಿಗೆ ಹಗ್ಗ ಕಟ್ಟಿ ಇಳಿಸಲು ಹೊರಟಾಗ, ಭರಣಿಯು ನಿಯೋಗದ ಸಾಮಾನುಪಟ್ಟಿಯಲ್ಲಿದೆ, ಅದು ಇಳಿದರೆ ನಿಯೋಗವೇ ಅಷ್ಟರಮಟ್ಟಿಗೆ ಇಳಿದಂತೆ ಎಂದು ಕಾರ್ಯದರ್ಶಿ ಹಗ್ಗ ಹಿಡಿದರು. ಮರುದಿನವೂ ಅಣ್ಣ ಬಂದು ನಿಂತ. ಹಡಗು ಬಿಟ್ಟ ಮೇಲೆಯೂ ನಿಂತೇ ಇದ್ದ. ಕಲಂದರ್ ಅಂದು ಯಾರೊಡನೆಯೂ ಮಾತಾಡಲಿಲ್ಲ. ಮೌನವನ್ನು ಸಹಮತವೆಂದು ಬರೆದುಕೊಳ್ಳಲಾಯಿತು.

ಅಧ್ಯಯನಕ್ಕೆ ಕೊರತೆಯಾಗಲಿಲ್ಲ. ಅಧ್ಯಕ್ಷರೂ ಕಾರ್ಯದರ್ಶಿಯೂ ಕಂಬಿ ಹಿಡಿದು ನಿಂತು ದಡದ ಮರಗಳನ್ನು ಎರಡು ದಿನವೂ ವೀಕ್ಷಿಸಿದರು. 'ಆಫ್ರಿಕಾದ ಗೇರು ಮರವು ಎತ್ತರವಾಗಿ, ಕೊಂಬೆಗಳಿಲ್ಲದೆ ನೇರವಾಗಿ ಬೆಳೆಯುತ್ತದೆ. ದೂರಕ್ಕೆ ತೆಂಗಿನ ಮರದಂತೆಯೇ ಕಾಣುತ್ತದೆ. ನಮ್ಮವರೂ ಕೊಂಬೆ ಬಿಡದಂತೆ ಮರಗಳಿಗೆ ತಿಳಿಹೇಳತಕ್ಕದ್ದು' ಎಂದು ವರದಿ ಸಿದ್ಧವಾಯಿತು. ವಾಪಸು ಬರುವ ದಿನಗಳನ್ನು ಈ ಮೂರು ವಾಕ್ಯಗಳ ತಿದ್ದುಪಡಿಯಲ್ಲಿ ಕಳೆಯಲಾಯಿತು. ಹಡಗಿನ ಸಾರು ಸಪ್ಪೆಯಾಗಿದ್ದುದರಿಂದ ಉಪ್ಪಿನಕಾಯಿಯನ್ನು ಸಭೆಯ ಒಪ್ಪಿಗೆ ಪಡೆದೇ ಮುಗಿಸಿದರು. ತ್ಯಾಂಪಣ್ಣನಿಗೆ ಅದರಿಂದ ತುಂಬಾ ಗುಣವಾಯಿತು.

ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ಹಾರ ಹಾಕಿ, ಬ್ಯಾಂಡು ಬಾರಿಸಿ ಬರಮಾಡಿಕೊಂಡರು. ಮಹಾಸಭೆಯಲ್ಲಿ ವರದಿ ಚಪ್ಪಾಳೆಯೊಂದಿಗೆ ಅಂಗೀಕಾರವಾಯಿತು. ಕಂಡದ್ದು ಸಾಲದು, ಬರುವ ವರ್ಷ ಎರಡನೆಯ ನಿಯೋಗ ಹೋಗಬೇಕೆಂದೂ ಠರಾವಾಯಿತು. ಅದೇ ವಾರ ಕೆಲವರು ಗೇರು ಮರಗಳ ಕೊಂಬೆ ಕಡಿಸಿ ಸೌದೆಗೆ ಹಾಕಿದರು.

ಕಲಂದರ್ ತಾಯಿಗೆ ಸುಳ್ಳು ಹೇಳಲು ಸವಣೂರು ಮುಟ್ಟುವವರೆಗೂ ಅಭ್ಯಾಸ ಮಾಡಿದ್ದರು. ಬಾಗಿಲಲ್ಲಿ ಅವರ ಮುಖ ಕಂಡ ಮೇಲೆ ಆಗಲಿಲ್ಲ, ನಡೆದದ್ದನ್ನೆಲ್ಲ ಹೇಳಿದರು. ಸಫಿಯಮ್ಮ ಬೈಯಲಿಲ್ಲ. ಮಗನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಸವರಿದರು.

ನಾಲ್ಕು ದಿನ ಬಿಟ್ಟು ಅಧ್ಯಕ್ಷರು ಉಪ್ಪಿನಕಾಯಿಗಾಗಿ ಸಂಘದ ಪರವಾಗಿ ಕೃತಜ್ಞತೆ ಸಲ್ಲಿಸಲು ಮನೆಗೆ ಬಂದರು. ಸಫಿಯಮ್ಮ ಚಾ ಕೊಟ್ಟು, ತಲೆಯ ಬಟ್ಟೆ ಸರಿಮಾಡಿಕೊಂಡು, ಎದುರು ನಿಂತರು.

"ಗೌಡ್ರೆ, ಬರುವ ವರ್ಷ ಪುನಃ ಹೋಗ್ತೀರಂತೆ. ನನ್ನನ್ನೂ ಕರ್ಕೊಂಡು ಹೋಗ್ಬೇಕು."

"ನಿಮ್ಗೆ ಈ ಪ್ರಾಯದಲ್ಲಿ ಎಂತಕ್ಕೆ ಸಫಿಯಮ್ಮ? ದಿನಗಟ್ಟಲೆ ನೀರೇ ನೀರು. ಸಮಯ ಹೋಗುದಿಲ್ಲ."

"ಇಪ್ಪತ್ತೈದು ವರ್ಷ ಹೋಗ್ಲಿಲ್ವಾ ನಂಗೆ, ಇಲ್ಲಿ ಕೂತು? ಅದೂ ಹೋಗ್ತದೆ." ಆಮೇಲೆ ತಗ್ಗಿದ ದನಿಯಲ್ಲಿ, "ನಾನು ಇಳಿಯುದಿಲ್ಲ ಗೌಡ್ರೆ. ಇಳಿಸಿ ಅಂತ ಕೇಳುದೂ ಇಲ್ಲ. ನೀವು ಹೇಳಿದಲ್ಲಿ ಕೈ ಎತ್ತುತ್ತೇನೆ. ಮೇಲಿನಿಂದ ಒಮ್ಮೆ ಅವನನ್ನು ತೋರಿಸಿದ್ರೆ ಸಾಕು," ಎಂದರು.

ಇಂಥ ನಿಯಮಬದ್ಧ ಸದಸ್ಯರು ಸಂಘಕ್ಕೆ ಇದುವರೆಗೆ ಸಿಕ್ಕಿರಲಿಲ್ಲವೆಂದು ಅಧ್ಯಕ್ಷರು ಮನಸಾರೆ ಮೆಚ್ಚಿದರು. ಮುಂದಿನ ಸಭೆಯಲ್ಲಿ ಎರಡನೆಯ ನಿಯೋಗಕ್ಕೆ ಸಫಿಯಮ್ಮನವರ ಹೆಸರನ್ನು ಅವರೇ ಸೂಚಿಸಿದರು. ಕಲಂದರ್ ಬ್ಯಾರಿಗಳು ಎದ್ದು ನಿಂತು ಅನುಮೋದಿಸಿದರು.