ವಾಸವಿರುವುದಕ್ಕೆ ಪುರಾವೆ

ಬಾಡಿಗೆಯ ನಿಯಮಗಳು ಬಿಗಿಯಾದವೆಂದು ಕೇಳಿ ನಮ್ಮ ಬೀದಿಯ ಮನೆ ಮಾಲೀಕರೆಲ್ಲ ತಲೆಯ ಮೇಲೆ ಕೈ ಹೊತ್ತು ಕುಳಿತಾಗ, ನಾನೊಬ್ಬಳು ಮಾತ್ರ ಟೊಂಕ ಕಟ್ಟಿ ನಿಂತೆ. ನಲವತ್ತು ದಾಟಿದ ಮೇಲೆ ಸಂಜೆ ಶಾಲೆಯ ಬೆಂಚಿನಲ್ಲಿ ಕುಳಿತು ಒಂದೊಂದು ಅಕ್ಷರವನ್ನೂ ಗೆದ್ದುಕೊಂಡವಳಿಗೆ ಮೂವತ್ತಾರು ಪುಟದ ನಿಯಮಾವಳಿ ಯಾವ ಲೆಕ್ಕ! "ಈ ಬೀದಿಯಲ್ಲಿ ಮೊದಲ ಪರವಾನಗಿ ನನ್ನದೇ" ಎಂದು ಘೋಷಿಸಿದೆ. ನಮ್ಮವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ಹೂಂಗುಟ್ಟಿದರು. ಅವರು ಗಡಿಯಾರ ರಿಪೇರಿಯ ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು. ಅಂಗಡಿ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಬಿಡಿಬಿಡಿಯಾಗಿ ಬಂದು ನಮ್ಮ ಮನೆಯಲ್ಲೇ ಠಿಕಾಣಿ ಹೂಡಿತ್ತು.

ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದು ಮೇಲ್ವಿಚಾರಕಿಯಾಗಿ ನಿವೃತ್ತಳಾದಾಗ ಕೈಗೆ ಬಂದುದನ್ನೆಲ್ಲ ನಾನು ಮಹಡಿಯ ಎರಡು ಕೋಣೆಗಳ ಮೇಲೆ ಸುರಿದಿದ್ದೆ. ಹೊಸ ಮಂಚ, ಹೊಸ ಹಾಸಿಗೆ, ಬಿಸಿನೀರಿನ ನಲ್ಲಿ. ಪ್ರವಾಸಕ್ಕೆ ಬಂದವರಿಗೆ ಎರಡು ಮೂರು ದಿನದ ಮಟ್ಟಿಗೆ ಬಾಡಿಗೆಗೆ ಕೊಡುವ ಯೋಜನೆ. ಆ್ಯಪಿನಲ್ಲಿ ಮೊದಲ ಬುಕಿಂಗ್ ಬಂದ ವಾರವೇ ಹೊಸ ನಿಯಮವೂ ಬಂತು: ಮಾಲೀಕರು ಅದೇ ಮನೆಯಲ್ಲಿ ನಿಜವಾಗಿ ವಾಸವಿದ್ದರೆ ಮಾತ್ರ ಪರವಾನಗಿ, ಇಲ್ಲವಾದರೆ ಕೋಣೆಗಳಿಗೆ ಬೀಗ! ತಾವು ಎಲ್ಲೋ ಇದ್ದುಕೊಂಡು, ಕೊಂಡ ಮನೆಗಳನ್ನೆಲ್ಲ ಪ್ರವಾಸಿಗರಿಗೆ ಬಿಡುವವರನ್ನು ಹಿಡಿಯುವ ಉಪಾಯವದು. ನಮಗೇನು ಭಯ? ಹದಿನೆಂಟು ವರ್ಷದಿಂದ ಕೆಳಗಿನ ಮನೆಯಲ್ಲೇ ಇದ್ದೇವೆ. ಗುರುವಾರ ತಪಾಸಣೆ ಎಂದು ಪತ್ರ ಬಂತು.

ಸೋಮವಾರವೇ ನನ್ನ ದಂಡಯಾತ್ರೆ ಹೊರಟಿತು. ಮಹಡಿ ಮುಗಿಸಿ ಕೆಳಗಿಳಿದೆ. ಗೋಡೆಯ ಕ್ಯಾಲೆಂಡರ್ ಕೆಳಗಿಳಿಯಿತು. ಚಪ್ಪಲಿಗಳು ತಲೆಮರೆಸಿಕೊಂಡವು. ನನ್ನ ಬಟ್ಟೆ, ಟವೆಲ್, ಸೋಪಿನ ಡಬ್ಬಿ, ಹಲ್ಲುಜ್ಜುವ ಬ್ರಷ್ಷು ಎಲ್ಲವೂ ಸೂಟ್‌ಕೇಸ್ ಸೇರಿದವು. ಹಾಸಿಗೆಯ ಹೊದಿಕೆಯನ್ನು ಆಸ್ಪತ್ರೆಯ ಶಿಸ್ತಿನಲ್ಲಿ ಎಳೆದು ಕಟ್ಟಿದೆ; ಅದರ ಮೇಲೆ ಸೊಳ್ಳೆ ಕೂತರೂ ಜಾರಬೇಕು!

"ಲೇ ಇವಳೇ, ನಾನು ಮಲಗೋದೆಲ್ಲಿ?"

"ಚಾಪೆ ಇದೆಯಲ್ಲ. ಹಾಸಿಗೆ ಸುಕ್ಕಾಗುತ್ತೆ."

"ಬೆಳಿಗ್ಗೆ ಕಾಫಿ?"

"ಒಲೆ ತೊಳೆದಾಯ್ತು ರೀ. ಹೊರಗೆ ಕುಡಿದು ಬನ್ನಿ."

"ಬಿಟ್ಟರೆ ನನ್ನನ್ನೂ ಮಡಿಸಿ ಒಳಗಿಡ್ತೀಯ!"

"ಮೊದಲು ನಿಮ್ಮ ಸಾಮ್ರಾಜ್ಯ ಎತ್ತಿಡಿ. ಒಂದು ಸ್ಕ್ರೂ ಕಣ್ಣಿಗೆ ಬಿದ್ರೂ ನಾನು ಸುಮ್ಮನಿರಲ್ಲ."

ಅರ್ಧ ಗಂಟೆಯಲ್ಲಿ ಸಾಮ್ರಾಜ್ಯ ಮಾಯವಾಯಿತು. ಮೂವತ್ತು ವರ್ಷದಲ್ಲಿ ಆಗದಿದ್ದುದು ಅರ್ಧ ಗಂಟೆಯಲ್ಲಿ ಆದಾಗಲೇ ನಾನು ಅನುಮಾನಿಸಬೇಕಿತ್ತು.

ಗುರುವಾರ ಅಧಿಕಾರಿ ಬಂದರು. ದಪ್ಪ ಕನ್ನಡಕ, ಕಂಕುಳಲ್ಲಿ ಫೈಲು. ಮಹಡಿಯನ್ನು ಎರಡೇ ನಿಮಿಷದಲ್ಲಿ ನೋಡಿ ತಲೆದೂಗಿದರು. ಕೆಳಗೆ ಬಂದವರ ಮುಖ ಮಾತ್ರ ಗಂಟಾಯಿತು. ಒಲೆ ಮುಟ್ಟಿದರು. ಬಚ್ಚಲು ಇಣುಕಿದರು.

"ಇಲ್ಲಿ ಯಾರಿರ್ತಾರಮ್ಮಾ?"

"ನಾವೇ ಸಾರ್. ಹದಿನೆಂಟು ವರ್ಷದಿಂದ."

"ಒಲೆ ತಣ್ಣಗಿದೆ."

"ತೊಳೆದಿದ್ದೀನಿ."

"ಕಸದ ಬುಟ್ಟಿ ಖಾಲಿ."

"ಅದನ್ನೂ ತೊಳೆದಿದ್ದೀನಿ!"

"ನಿಮ್ಮ ಬಟ್ಟೆಬರೆ?"

ನಾನು ಹೆಮ್ಮೆಯಿಂದ ಸೂಟ್‌ಕೇಸ್ ತೆರೆದು ತೋರಿಸಿದೆ. ಅವರು ಅದನ್ನೂ ನನ್ನನ್ನೂ ನೋಡಿದರು. "ಹೊರಟಿದ್ದೀರೋ, ಈಗ ತಾನೇ ಬಂದ್ರೋ?"

"ಎರಡೂ ಅಲ್ಲ ಸಾರ್! ಮನೆ ಚೆನ್ನಾಗಿ ಕಾಣಲಿ ಅಂತ..."

"ಎಲ್ಲರೂ ಹೀಗೇ ಅಂತಾರಮ್ಮಾ. ಹೋದ ವಾರ ಒಬ್ಬರು ನನ್ನ ಕಣ್ಣೆದುರೇ ಟ್ಯಾಕ್ಸಿ ಇಳಿದು, ನಾವು ಹುಟ್ಟಿದ್ದೇ ಈ ಮನೆಯಲ್ಲಿ ಅಂದ್ರು. ಅಡುಗೆಮನೆ ಎಲ್ಲಿ ಅಂದ್ರೆ ಬಚ್ಚಲು ತೋರಿಸಿದ್ರು."

ಪೆನ್ನು 'ವಾಸವಿಲ್ಲ' ಎಂಬ ಚೌಕದ ಮೇಲೆ ಬಂದು ನಿಂತಿತು. ನನ್ನ ಇಪ್ಪತ್ತೆರಡು ವರ್ಷದ ದುಡಿಮೆ ಆ ಪೆನ್ನಿನ ತುದಿಯಲ್ಲಿ ತೂಗಾಡುತ್ತಿತ್ತು. ನನ್ನ ಕೈಯಾರೆ ಉಜ್ಜಿ ಉಜ್ಜಿ ನಾನು ಅಳಿಸಿಹಾಕಿದ್ದು ಕೊಳೆಯನ್ನಲ್ಲ, ನನ್ನನ್ನೇ!

"ಆ ಕಪಾಟಿನಲ್ಲಿ ಏನಿದೆ?" ಎಂದರು ಅಧಿಕಾರಿ.

ನಮ್ಮವರು ಎರಡೂ ಕೈ ಚಾಚಿ ಅಡ್ಡ ನಿಂತರು. "ಅದೊಂದು ಬೇಡ ಸಾರ್. ಇವಳು ಇಲ್ಲದಾಗ ಬನ್ನಿ, ತೋರಿಸ್ತೀನಿ."

ಅಷ್ಟು ಸಾಕಾಯಿತು. ಅಧಿಕಾರಿ ಬಾಗಿಲೆಳೆದರು. ಸಾಮ್ರಾಜ್ಯ ಭೋರ್ಗರೆದು ಧುಮುಕಿತು! ಮುಳ್ಳಿಲ್ಲದ ಗಡಿಯಾರಗಳು, ಸ್ಪ್ರಿಂಗುಗಳು, ಜೋಡಿ ಕಳೆದುಕೊಂಡ ಕಾಲುಚೀಲಗಳು, ಅರ್ಧ ತುಂಬಿದ ಪದಬಂಧಗಳು, ಮೂರು ಕನ್ನಡಕ, ಒಂದು ಬನಿಯನ್ನು, ಬಾಯಿ ತೆರೆದ ಬಿಸ್ಕತ್ತಿನ ಪೊಟ್ಟಣ. ಬಿದ್ದ ರಭಸಕ್ಕೆ ಎರಡು ಅಲಾರಂಗಳು ಕಿರುಚತೊಡಗಿದವು. ನಾನು ಕಣ್ಣು ಮುಚ್ಚಿಕೊಂಡೆ.

ಅಧಿಕಾರಿ ಕುಕ್ಕರಗಾಲಿನಲ್ಲಿ ಕುಳಿತು ಒಂದು ಬಿಸ್ಕತ್ತು ಮುರಿದರು. "ಗರಿಗರಿಯಾಗಿದೆ. ಇವತ್ತಿಂದೇ!" ಅವರ ಮುಖ ಅರಳಿತು. "ಯಾರದಮ್ಮಾ ಇದೆಲ್ಲಾ?"

"ನನ್ನ ಗಂಡನದು" ಎಂದೆ, ಠಾಣೆಯಲ್ಲಿ ದೂರು ಕೊಡುವ ದನಿಯಲ್ಲಿ.

"ಇವರು ವಾಸ ಇದ್ದಾರೆ! ಹದಿನೆಂಟಲ್ಲ, ನೂರು ವರ್ಷದಿಂದ ಇದ್ದಾರೆ ಅಂದ್ರೂ ನಂಬ್ತೀನಿ." ಮನೆ ಇಬ್ಬರ ಹೆಸರಿನಲ್ಲಿದ್ದುದರಿಂದ ಒಬ್ಬರ ವಾಸ ಸಾಕಂತೆ. ಗುರುತು ಹಾಕಿ, ನಮ್ಮವರ ಕೈ ಕುಲುಕಿ ಹೊರಟೇ ಹೋದರು.

ಎಂಟು ದಿನಕ್ಕೆ ಪರವಾನಗಿ ಬಂತು. ಬೀದಿಗೆ ಮೊದಲನೆಯದು! ನಮ್ಮವರು ಗಂಟಲು ಸರಿಮಾಡಿಕೊಂಡು ಓದಿದರು: "ವಾಸವಿರುವ ಮಾಲೀಕರು, ಪತಿ. ಪತ್ನಿಯ ವಾಸದ ಕುರುಹು ಕಂಡುಬಂದಿಲ್ಲ. ತಪಾಸಣೆಯ ದಿನ ಸೂಟ್‌ಕೇಸ್ ಸಮೇತ ಮನೆಯಲ್ಲಿದ್ದ ಅತಿಥಿಗಳು, ಒಬ್ಬರು." ಕಾಗದ ಮಡಿಸಿ, ನನ್ನತ್ತ ಬಾಗಿ ಕೇಳಿದರು: "ಎಷ್ಟು ದಿನ ಉಳಿಯೋ ಅಂದಾಜು, ಮೇಡಂ?"

ಕೈಯಲ್ಲಿದ್ದ ಟವೆಲನ್ನು ಅವರ ಮುಖಕ್ಕೆ ಬೀಸಿ ಎಸೆದೆ. ಗುರಿ ತಪ್ಪಿ ನೆಲದ ನಡುಮಧ್ಯದಲ್ಲಿ ಮುದ್ದೆಯಾಗಿ ಬಿತ್ತು. ಎತ್ತಲು ಬಗ್ಗಿದೆ.

"ಬೇಡ, ಬೇಡ, ಹಾಗೇ ಇರಲಿ!" ಎಂದು ಕೈಹಿಡಿದು ತಡೆದರು. "ಈಗ ನೋಡು, ಈ ಮನೆಯವಳ ಥರ ಕಾಣ್ತಿದ್ದೀಯ."