ಶೇಷಾದ್ರಿಯ ಶೋಲೆ ಜರ್ದ್

“ಸಿಹಿ ಪೊಂಗಲ್ ಮಾಡೋ ವಂಶ ನಮ್ದು! ಅಕ್ಕಿ, ಸಕ್ಕರೆ, ಕೇಸರಿ... ಇದ್ಯಾವ ಮಹಾ ವಿದ್ಯೆ?” ಶೇಷಾದ್ರಿ ಸೌಟು ಎತ್ತಿ ಘೋಷಿಸಿದ.

ಅಮೆರಿಕದ ಕ್ಯಾರಿ ಊರಿನಲ್ಲಿ ಅವನ ಪಕ್ಕದ ಮನೆಯ ಇರಾನಿನ ಮಹೀನ್ ಆಂಟಿ ಒಂದು ಬಟ್ಟಲು ಶೋಲೆ ಜರ್ದ್ ಕೊಟ್ಟು ಹೋಗಿದ್ದರು. ಕೇಸರಿ, ಗುಲಾಬಿ ನೀರು ಹಾಕಿದ ಅಕ್ಕಿ ಪಾಯಸ. ಮೇಲೆ ಸಿನಮನ್, ಅಂದರೆ ಚಕ್ಕೆ ಪುಡಿಯಲ್ಲಿ ಬಿಡಿಸಿದ ಹೂವು. ಪಾಯಸ ಮುಗಿಯಿತು, ಬಟ್ಟಲು ಉಳಿಯಿತು.

“ಖಾಲಿ ಪಾತ್ರೆ ವಾಪಸ್ ಕೊಡಬಾರ್ದು ರೀ. ನಾಲ್ಕು ಕೋಡುಬಳೆ ಹಾಕಿ ಕೊಡ್ತೀನಿ,” ಎಂದಳು ಹೆಂಡತಿ ಅಲಮೇಲು.

“ಕೋಡುಬಳೆ ಯಾಕೆ? ಅವರ ತಿಂಡೀನ ಅವರಿಗಿಂತ ಚೆನ್ನಾಗಿ ಮಾಡ್ತೀನಿ!”

“ಸರಿ. ಆಂಟಿ ಮೆಚ್ಚಿದ್ರೆ ಈ ಸಲದ ಯುಗಾದಿ ಅಡುಗೆ ನಿಮ್ದೇ. ಇಲ್ಲಾಂದ್ರೆ ಇನ್ಮೇಲೆ ಸ್ಟವ್ ಮುಟ್ಟೋ ಹಾಗಿಲ್ಲ!” ಎಂದು ಅವಳು ಮಗಳನ್ನು ಸ್ವಿಮ್ಮಿಂಗ್‌ಗೆ ಕರೆದುಕೊಂಡು ಹೋದಳು.

ಶೇಷಾದ್ರಿ ಮೂರು ಕಪ್ ಅಕ್ಕಿ ಸುರಿದ. ಅಕ್ಕಿ ಅರಳಿತು, ಉಬ್ಬಿತು, ಪಾತ್ರೆಯ ಅಂಚು ಹತ್ತಿತು. ಇನ್ನೊಂದು ಪಾತ್ರೆ ಇಟ್ಟ, ಅದೂ ತುಂಬಿತು! ಆಂಟಿಯ ಬಟ್ಟಲು ಎಲ್ಲಿ ಸಾಕಾದೀತು? ಅಲಮೇಲುವಿನ ತವರಿನ ಸ್ಟೀಲ್ ಡಬ್ಬಿಯೂ ರಣರಂಗಕ್ಕಿಳಿಯಿತು. ಮೇಲೆ ರಂಗೋಲಿ ಅಚ್ಚು ಹಿಡಿದು, ಮೊಸರಿನ ಹಳೆ ಡಬ್ಬದಲ್ಲಿದ್ದ ಕಂದು ಪುಡಿ ಉದುರಿಸಿದ. ಪೈನ್ ಮರಗಳ ಪರಾಗಕ್ಕೆ ವಾರದಿಂದ ಅವನ ಮೂಗು ಕಟ್ಟಿತ್ತು. ವಾಸನೆ ಯಾರಿಗೆ ಬೇಕು? ಕಮಲ ಅರಳಿತಲ್ಲ!

ಬಟ್ಟಲು, ಡಬ್ಬಿ ಎರಡನ್ನೂ ಒಯ್ದು ಕೊಟ್ಟಾಗ ಆಂಟಿ ತಮ್ಮ ಬಾಗಿಲಲ್ಲೇ ಒಂದು ಚಮಚ ಬಾಯಿಗಿಟ್ಟರು. ಮುಖ ಕೆಂಪಾಯಿತು, ಕಣ್ಣು ತುಂಬಿತು. “ಬ್ಯೂಟಿಫುಲ್,” ಎಂದು ಕೆಮ್ಮಿದರು.

“ತವರು ನೆನಪಾಗಿ ಅತ್ತೇ ಬಿಟ್ರು ಕಣೇ!” ಎಂದು ಮನೆಗೆ ಮರಳಿದ ಅಲಮೇಲುವಿಗೆ ಶೇಷಾದ್ರಿ ಯುಗಾದಿಯ ಮೆನು ಒಪ್ಪಿಸತೊಡಗಿದ.

ಬೇಳೆ ಬೇಯಲು ಇಟ್ಟ ಅಲಮೇಲು ಕೂಗಿದಳು, “ರೀ! ಈ ಮೊಸರು ಡಬ್ಬದಲ್ಲಿದ್ದ, ಅಮ್ಮ ಕಳಿಸಿದ್ದ ಸಾರಿನ ಪುಡಿ ಎಲ್ಲಿ?”

ಶೇಷಾದ್ರಿಯ ಕಟ್ಟಿದ ಮೂಗು ಒಮ್ಮೆಲೇ ಬಿಟ್ಟಿತು. ಆದರೂ ಜಗ್ಗಲಿಲ್ಲ. “ಬ್ಯೂಟಿಫುಲ್ ಅಂದ್ರಲ್ಲ! ಗೆದ್ದಿದ್ದು ಗೆದ್ದಿದ್ದೇ!”

ಮರುದಿನ ಅವನು ಯುಗಾದಿ ಪಾಯಸದ ರಿಹರ್ಸಲ್‌ನಲ್ಲಿದ್ದಾಗ ಕರೆಗಂಟೆ ಸದ್ದಾಯಿತು. ಸೌಟು ಹಿಡಿದೇ ಬಾಗಿಲು ತೆಗೆದ. ಆಂಟಿಯ ಕೈಯಲ್ಲಿ ಥಳಥಳ ಹೊಳೆಯುವ ಸ್ಟೀಲ್ ಡಬ್ಬಿ!

“ಖಾಲಿ ಪಾತ್ರೆ ನಮ್ಮಲ್ಲೂ ಕೊಡೋದಿಲ್ಲ,” ಎಂದು ಇಂಗ್ಲಿಷಿನಲ್ಲಿ ಹೇಳಿ, ನಕ್ಕು ಹೋದರು.

ಮುಚ್ಚಳ ತೆಗೆದರೆ ಒಳಗೊಂದು ಬಾಟಲಿ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದರು: ‘ಸಿನಮನ್’.

ಅಲಮೇಲು ಕೈ ಚಾಚಿದಳು.

ಶೇಷಾದ್ರಿ ಸೌಟು ಕೊಟ್ಟ.