ಮಾವನ ರಕ್ತಕ್ಕೆ ಸಿಟ್ಟು ಬರಬಾರದು

ನನ್ನ ಸೋದರಮಾವನ ಜೊತೆ ಜಗಳವಾಡದವರು ಚನ್ನರಾಯಪಟ್ಟಣದಲ್ಲಿ ಯಾರಾದರೂ ಇದ್ದರೆ, ಅವರು ನಿನ್ನೆ ಮೊನ್ನೆ ಊರಿಗೆ ಬಂದವರೇ ಇರಬೇಕು! ತೆಂಗಿನಕಾಯಿ ಮಂಡಿಯಲ್ಲಿ ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇದ್ಯಾವ ಸೀಮೆ ಕಾಯ್ಲಾ?" ಎಂದು ಶುರು ಮಾಡಿದರೆ ಸಂಜೆಯ ತನಕ ಬಿಡುವಿಲ್ಲ. ಅತ್ತೆ ತೀರಿಕೊಂಡ ಮೇಲೆ ಅವರ ಪಾಲಿನ ಬೈಗುಳವೂ ನನಗೇ ಬಂತು.

ಇಂಥವರಿಗೆ ಕ್ಯಾನ್ಸರ್ ಆಯಿತು. ಕೀಮೋಗೆ ಮುಂಚೆ ಹಾಸನದ ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಟ್ಟು, "ರಕ್ತದಲ್ಲಿ ಉರಿಯೂತ ಕಡಿಮೆ ಇದ್ದೋರಿಗೆ ಔಷಧಿ ಚೆನ್ನಾಗಿ ಹಿಡಿಯೋ ಸಾಧ್ಯತೆ ಜಾಸ್ತಿ" ಎಂದರು. ಮಾವ ಇದನ್ನು ಮಂಡಿಯ ಕಣ್ಣಿನಿಂದಲೇ ನೋಡಿದರು. ರಾಶಿಯ ಮೇಲೆ ಒಳ್ಳೆಯ ಕಾಯಿ ಇಟ್ಟರೆ ತಾನೇ ಒಳ್ಳೆಯ ದರ? ಹಾಗಾದರೆ ಪರೀಕ್ಷೆಗೆ ಕೊಡುವ ರಕ್ತವನ್ನೂ ಮೊದಲೇ ಹಸನು ಮಾಡಿಟ್ಟುಕೊಳ್ಳಬೇಕು! ಜಗಳವಾಡಿದರೆ ಮೈ ಕಾಯುತ್ತದೆ, ಮೈ ಕಾದರೆ ರಕ್ತ ಕೆಡುತ್ತದೆ. ಆದ್ದರಿಂದ ಜಗಳ ಬಂದ್!

ಮಂಡಿಗೆ ಹೋಗುವುದು ನಿಂತಿತು. ಟೀವಿ ಆರಿತು. ಪಕ್ಕದ ಮನೆಯವರ ಕಡೆಯ ಕಿಟಕಿ ಮುಚ್ಚಿತು. ಕೊನೆಗೆ ನನ್ನ ಸರದಿ.

"ನೀನೂ ಬರ್ಬ್ಯಾಡ ಕಣ್ಲಾ. ನಿನ್ ಮೀಸೆ ನೋಡಿದ್ರೇ ನಂಗೆ ಸಿಆರ್‌ಪಿ ಏರ್ತದೆ!"

"ಸಿಆರ್‌ಪಿ ಅಂದ್ರೇನು ಮಾವ?"

"ಉರಿಯೂತ ಅಳೆಯೋ ಟೆಸ್ಟು ಕಣ್ಲಾ! ನೋಡು, ಆಗ್ಲೇ ಏರಿಸ್ಬುಟ್ಟೆ!"

ಆದರೂ ದಿನಾ ಗೇಟಿನ ತನಕ ಹೋಗಿ ಇಣುಕುತ್ತಿದ್ದೆ. ಜಗಲಿಯ ಮೇಲೆ ಒಬ್ಬರೇ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಕರೆಯದೆ ವಾಪಸ್ ಬರುತ್ತಿದ್ದೆ. ನನ್ನನ್ನು ಬೈಯಲು ತಾನೇ ಬೇರೆ ಯಾರಿದ್ದಾರೆ?

ರಿಪೋರ್ಟ್ ಬಂದ ದಿನ ಮಾವ ಬೇಡ ಅಂದರೂ ಜೊತೆಗೆ ಹಾಸನಕ್ಕೆ ಹೋದೆ. ಸಿಆರ್‌ಪಿ ಏರಿತ್ತು! ಮಾವನ ಮುಖ ಬಿಳಿಚಿಕೊಂಡಿತು.

"ದೇವ್ರಾಣೆ, ಒಬ್ರ ಜೊತೇನೂ ಜಗಳ ಆಡಿಲ್ಲ ಸಾ!"

ಡಾಕ್ಟರು ನಕ್ಕರು. "ಜಗಳಕ್ಕೂ ಇದಕ್ಕೂ ಲೆಕ್ಕ ಹಾಕ್ಬೇಡಿ ಯಜಮಾನ್ರೇ. ಒಂದ್ ಸಣ್ಣ ಸೋಂಕಾದ್ರೂ ಏರುತ್ತೆ. ಇದೊಂದು ಸುಳಿವು ಅಷ್ಟೆ, ಇಷ್ಟರಿಂದ್ಲೇ ಏನೂ ತೀರ್ಮಾನ ಆಗಲ್ಲ. ಔಷಧಿ ಶುರು ಮಾಡೋಣ. ನೀವು ಜನರ ಜೊತೆ ಇರಿ."

ಜಗಳಕ್ಕೆ ಅಪ್ಪಣೆ ಸಿಕ್ಕಿತಲ್ಲ, ಇನ್ನು ಊರಿಗೆ ವಾಪಸ್ ಹೋಗುವ ಬಸ್ಸಿನವರ ಗತಿ ಏನು ಎಂದುಕೊಂಡೆ. ಕಂಡಕ್ಟರು "ಒಳಗ್ ನಡೀರಿ, ಒಳಗ್ ನಡೀರಿ" ಎಂದು ಗದರಿಸಿದ. ನಾನು ಕಿವಿ ನೆಟ್ಟಗೆ ಮಾಡಿ ಕಾದೆ. ಮಾವ ಅವನು ಹೇಳಿದ ಹಾಗೇ ಒಳಗೆ ನಡೆದರು. ಸೀಟು ಸಿಕ್ಕಿ ಕೂತವರು ಶಾಂತಿಗ್ರಾಮ ದಾಟುವವರೆಗೂ ಕಿಟಕಿಯ ಆಚೆಗೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ನನ್ನ ತೋಳು ಹಿಡಿದುಕೊಂಡರು.

"ಒಬ್ನೇ ಇದ್ರೆ ಭಾಳ ಭಯ ಆಯ್ತದೆ ಕಣ್ಲಾ. ಇವತ್ತು ನಮ್ಮನೇಲೇ ಮನೀಕತೀಯಾ?"

ಯಾರ ಹತ್ತಿರವೂ ಏನನ್ನೂ ಕೇಳಿದ ಮನುಷ್ಯನಲ್ಲ. ಹೂಂ ಅನ್ನುವಷ್ಟರಲ್ಲಿ ನನಗೆ ಅಳು ಬಂತು.